ವ್ಯಸನವೂ ದೇಹದ ಅವಲಂಬನೆಯೂ

ವ್ಯಸನವು ಬೇರೆ, ದೇಹದ ಅವಲಂಬನೆಯು ಬೇರೆ. ಇವೆರಡನ್ನೂ ಒಂದೆಂದು ಬಗೆಯುವುದರಿಂದ ರೋಗಿಗಳಿಗೆ ಅನ್ಯಾಯವಾಗುತ್ತದೆ.

ಅರ್ಬುದ ರೋಗದ ತೀವ್ರ ನೋವಿಗೆ ವೈದ್ಯರು ಮಾರ್ಫಿನ್ ಕೊಡುವರು. ಕೆಲವು ವಾರಗಳಲ್ಲಿ ದೇಹವು ಅದಕ್ಕೆ ಹೊಂದಿಕೊಳ್ಳುವುದು. ಆಗ ಅದನ್ನು ಥಟ್ಟನೆ ನಿಲ್ಲಿಸಿದರೆ ಬೆವರು, ಆಕಳಿಕೆ, ಮೈನೋವು, ಭೇದಿಗಳು ತಲೆದೋರುವುವು. ಇದು ದೇಹಧರ್ಮವೇ ಹೊರತು ಮನಸ್ಸಿನ ದೋಷವಲ್ಲ. ನಿತ್ಯದ ಕಾಫಿ ತಪ್ಪಿದ ದಿನ ತಲೆನೋವು ಬರುವುದೂ ಇದೇ ಬಗೆಯದು. ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸಿದರೆ ದೇಹವು ಮೊದಲಿನಂತಾಗುವುದು.

ವ್ಯಸನದ ಲಕ್ಷಣವಾದರೋ ಕೇಡೆಂದು ತಿಳಿದೂ ಬಿಡಲಾರದ ಹಂಬಲ. ಅದಕ್ಕಾಗಿ ಮನೆ, ಕಾಯಕ, ಮಾನಗಳನ್ನು ಕಡೆಗಣಿಸುವುದು. ಮದ್ಯಪಾನದಲ್ಲಿ ಇವೆರಡೂ ಕೂಡಿರಬಹುದು. ಬಹುಕಾಲ ವಿಪರೀತವಾಗಿ ಕುಡಿದವರನ್ನು ಹಠಾತ್ತಾಗಿ ಬಿಡಿಸುವುದು ಪ್ರಾಣಾಪಾಯಕರ. ಆದುದರಿಂದ ವೈದ್ಯರ ನೆರವು ಬೇಕು. ದೇಹವು ಬಿಡುಗಡೆ ಹೊಂದಿದ ಮೇಲೂ ಹಂಬಲವು ಉಳಿಯಬಹುದಾದ್ದರಿಂದ ಮನೆಯವರ ಆಸರೆಯೂ ಬೇಕು.

2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಪ್ರಕಟಿಸಿದ ರೋಗನಿರ್ಣಯ ಗ್ರಂಥವು, ವೈದ್ಯರ ಸೂಚನೆಯಂತೆ ಔಷಧ ಸೇವಿಸುವವರಲ್ಲಿ ಈ ದೇಹಲಕ್ಷಣಗಳನ್ನು ವ್ಯಸನದ ಲೆಕ್ಕಕ್ಕೆ ಹಿಡಿಯಬಾರದೆಂದು ವಿಧಿಸಿದೆ. ವ್ಯಸನದ ಸಂಭವವೇ ಇಲ್ಲವೆಂದಲ್ಲ. ಅದನ್ನು ಗಮನಿಸುವುದಕ್ಕಾಗಿಯೇ ವೈದ್ಯರ ನಿಗಾ ಇರುವುದು.

ಆದುದರಿಂದ ಸದ್ಗೃಹಸ್ಥರು, ಚಟವಾದೀತೆಂಬ ಅಂಜಿಕೆಯಿಂದ ನೋವುಣ್ಣುವ ಹಿರಿಯರ ಗುಳಿಗೆಯನ್ನು ತಡೆಯಬಾರದು. ಸಂದೇಹವನ್ನು ವೈದ್ಯರಲ್ಲಿ ಕೇಳಿ ಪರಿಹರಿಸಿಕೊಳ್ಳಬೇಕು. ನೋವನ್ನು ನೀಗುವುದು ದಯೆ, ದಯೆಯೇ ಧರ್ಮ.