ಒಳ್ಳೆ ರಸ್ತೆ ಕೆಡದಂತೆ ನೋಡಿಕೋ ಮಗಳೇ

ನಗರಸಭೆಗೆ ಆರಿಸಿ ಬಂದಿದ್ದೀಯ, ಬಹಳ ಸಂತೋಷ. ನಿನ್ನ ಮನೆ ಬಾಗಿಲಿಗೆ ಬರುವ ಮೊದಲ ಅಹವಾಲು ರಸ್ತೆಯದೇ ಆಗಿರುತ್ತೆ. ಗುಂಡಿ ಬಿದ್ದ ಬೀದಿಯವರು ಗುಂಪು ಕಟ್ಟಿಕೊಂಡು ಬರುತ್ತಾರೆ. ಇರುವ ದುಡ್ಡನ್ನೆಲ್ಲ ಅಲ್ಲೇ ಸುರಿಯೋಣ ಅಂತ ನಿನಗೂ ಅನ್ನಿಸುತ್ತೆ. ಇದೇ ಕೆಲಸದಲ್ಲಿ ಕೂದಲು ಹಣ್ಣಾದವನ ಮಾತು ಕೇಳು: ದುಡ್ಡಿನ ಮೊದಲ ಪಾಲು ಇನ್ನೂ ಚೆನ್ನಾಗಿರುವ ರಸ್ತೆಗೆ ಸಲ್ಲಬೇಕು.

ಟಾರು ರಸ್ತೆ ಒಂದೇ ಮಳೆಗೆ ಹಾಳಾಗಲ್ಲ. ಮೊದಲು ಕೂದಲೆಳೆಯಂಥ ಬಿರುಕು. ಅದರಲ್ಲಿ ನೀರಿಳಿದು ಕೆಳಗಿನ ಜಲ್ಲಿ ಸಡಿಲವಾಗುತ್ತೆ. ಮೇಲೆ ಲಾರಿ ಹೋದಾಗ ಟಾರು ಕುಸಿದು ಗುಂಡಿ. ಬಿರುಕಿನ ಹಂತದಲ್ಲೇ ಟಾರಿನಿಂದ ಮುಚ್ಚಿದರೆ ಸಣ್ಣ ಖರ್ಚು. ಜಲ್ಲಿಯ ತಳವೇ ಹೋದರೆ ಅಗೆದು ಹೊಸದಾಗಿ ಕಟ್ಟಬೇಕು. ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ರಸ್ತೆ ಸಂಸ್ಥೆಯ ಅಂದಾಜೊಂದನ್ನು ವಿಶ್ವಬ್ಯಾಂಕ್ 2005ರಲ್ಲಿ ಪ್ರಕಟಿಸಿತ್ತು: ಮೂರು ವರ್ಷ ಕಡೆಗಣಿಸಿದರೆ ದುರಸ್ತಿಯ ಖರ್ಚು ನಿರ್ವಹಣೆಯ ಆರು ಪಟ್ಟು, ಐದು ವರ್ಷಕ್ಕೆ 18 ಪಟ್ಟು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ನಮ್ಮ ಮಲೆನಾಡಿನವರಿಗೆ ಈ ಲೆಕ್ಕ ಹೊಸದಲ್ಲ.

ಜೋರು ಮಳೆ ಬಂದಾಗ ಕೊಡೆ ಹಿಡಿದು ವಾರ್ಡು ಸುತ್ತು. ನೀರು ಎಲ್ಲಿ ನಿಲ್ಲುತ್ತೆ, ಯಾವ ಚರಂಡಿಯ ಬಾಯಿ ಕಟ್ಟಿದೆ, ಬರೆದುಕೋ. ಎಷ್ಟೋ ಕಡೆ ಬೇಕಾದ್ದು ಟಾರಲ್ಲ, ಹೂಳು ತೆಗೆಯುವ ಇಬ್ಬರು ಆಳು. ಟಾರಿನ ಮೇಲೆ ಟಾರು ಹಾಕುತ್ತಾ ಹೋದರೆ ರಸ್ತೆ ಎತ್ತರವಾಗಿ ನೀರು ಮನೆಗಳಿಗೇ ನುಗ್ಗುತ್ತೆ. ಹಳೆಯ ಪದರ ಕೆರೆದೇ ಹೊಸದು ಹಾಕಿ ಅಂತ ಪಟ್ಟು ಹಿಡಿ.

ಒಂದು ರಿಜಿಸ್ಟರ್ ಇಡು. ಪ್ರತಿ ರಸ್ತೆಯ ಉದ್ದ, ಅಗಲ, ಕೊನೆಗೆ ಟಾರು ಬಿದ್ದ ವರ್ಷ, ಗುತ್ತಿಗೆದಾರ ಯಾರು, ಅವನ ಹೊಣೆಗಾರಿಕೆ ಅವಧಿ ಮುಗಿಯುವ ದಿನ. ಆ ಅವಧಿಯೊಳಗೆ ಕಿತ್ತುಹೋದರೆ ಅವನೇ ಸರಿಮಾಡಿಕೊಡಬೇಕು. ದಿನಾಂಕ ಗೊತ್ತಿಲ್ಲದೆ ನಗರಸಭೆ ಅದೇ ರಸ್ತೆಗೆ ಎರಡನೇ ಸಲ ಬಿಲ್ಲು ಪಾಸು ಮಾಡುತ್ತೆ.

ಗುಂಡಿ ಮುಚ್ಚುವಾಗ ಹತ್ತು ನಿಮಿಷ ನಿಂತು ನೋಡು. ಅಂಚನ್ನು ಚೌಕವಾಗಿ, ನೇರವಾಗಿ ಕತ್ತರಿಸಬೇಕು. ಸಡಿಲ ಜಲ್ಲಿ, ಮಣ್ಣು, ನೀರು ತೆಗೆದು ಒಣಗಿಸಬೇಕು. ತಳಕ್ಕೂ ಪಕ್ಕಕ್ಕೂ ತೆಳುವಾಗಿ ಟಾರು ಬಳಿದು, ಬಿಸಿ ಮಿಶ್ರಣ ತುಂಬಿ, ಆರುವ ಮೊದಲೇ ರೋಲರ್ ಓಡಿಸಬೇಕು. ನೀರು ನಿಂತ ಗುಂಡಿಗೆ ಪುಟ್ಟಿಯಲ್ಲಿ ಜಲ್ಲಿ ಸುರಿದು ಸಲಿಕೆಯಲ್ಲಿ ತಟ್ಟಿ ಹೋದರೆ ಅದು ವಾರ ಬಾಳಲ್ಲ.

ಈಗ ದುಡ್ಡಿನ ಮಾತು. ಸರ್ಕಾರದ ಅನುದಾನ ಯಾವಾಗ ಬರುತ್ತೆ, ಯಾವ ಷರತ್ತಿನೊಂದಿಗೆ ಬರುತ್ತೆ ಅನ್ನೋದು ನಿನ್ನ ಕೈಲಿಲ್ಲ. ಅದನ್ನು ಹೊಸ ಕಾಮಗಾರಿಗೆ ನಂಬು. ನಿರ್ವಹಣೆಗೆ ನಿಮ್ಮದೇ ಮನೆಕಂದಾಯದಲ್ಲಿ ಪಾಲು ತೆಗೆದಿಡು. ಏಪ್ರಿಲ್‌ನಲ್ಲಿ ಕಟ್ಟುವವರಿಗೆ ಶೇ. 5 ರಿಯಾಯಿತಿ ಇರೋದರಿಂದ ಮಳೆಗೆ ಮೊದಲೇ ಕೈಗೆ ದುಡ್ಡು ಬರುತ್ತೆ. ನೀರಿನ ಪೈಪು, ಕೇಬಲ್‌ಗೆ ರಸ್ತೆ ಅಗೆಯುವವರು ಕಟ್ಟುವ ಶುಲ್ಕ ಬೇರೆ ಖರ್ಚಿಗೆ ಕರಗದೆ ಅದೇ ರಸ್ತೆಗೆ ಹೋಗಲಿ. ಗುಂಡಿಗೊಂದು ಟೆಂಡರ್ ಕರೆಯುತ್ತಾ ಕೂತರೆ ಮಳೆಗಾಲವೇ ಮುಗಿಯುತ್ತೆ. ಇಡೀ ವರ್ಷದ ನಿರ್ವಹಣೆಗೆ ಒಂದೇ ಟೆಂಡರನ್ನು ಮೊದಲೇ ಮುಗಿಸಿಡಿ. ಮಳೆ ನಿಂತ ಕೂಡಲೇ ಸಮೀಕ್ಷೆ, ಡಿಸೆಂಬರ್ ಹೊತ್ತಿಗೆ ಎಸ್ಟಿಮೇಟು, ಬೇಸಿಗೆಯಲ್ಲಿ ಡಾಂಬರು, ಮೇ ಒಳಗೆ ಚರಂಡಿ. ಈ ಸರದಿ ತಪ್ಪಿಸಬೇಡ.

ಚರಂಡಿ ಹೂಳು ತೆಗೆಯೋದಕ್ಕೆ ಯಾರೂ ಗುದ್ದಲಿ ಪೂಜೆ ಮಾಡಿಸಲ್ಲ, ಬಿರುಕು ಮುಚ್ಚಿದ್ದಕ್ಕೆ ಹೆಸರಿನ ಕಲ್ಲು ನೆಡಲ್ಲ. ಅದಕ್ಕೇ ಬಜೆಟ್ಟಿನಲ್ಲಿ ಮೊದಲು ಕತ್ತರಿ ಬೀಳೋದು ಈ ಬಾಬ್ತಿಗೆ. ಹಾಗಂತ ಕೆಟ್ಟ ಬೀದಿಯವರನ್ನು ಬರಿಗೈಲಿ ಕಳಿಸಬೇಡ. ಗುಂಡಿ ತಕ್ಷಣ ಮುಚ್ಚಿಸು; ಪೂರ್ತಿ ರಸ್ತೆ ಯಾವ ವರ್ಷ ಅಂತ ಪಟ್ಟಿ ಮಾಡಿ ವಾರ್ಡ್ ಕಚೇರಿಯ ಗೋಡೆಗೆ ಅಂಟಿಸು. ಸರದಿ ಕಣ್ಣಿಗೆ ಕಂಡರೆ ಜನ ಕಾಯುತ್ತಾರೆ. ಆಮೇಲೆ ಪ್ರಭಾವಿಗಳು ಬಂದು ಕೇಳಿದರೂ ಆ ಪಟ್ಟಿಯನ್ನು ಹಿಂದೆಮುಂದೆ ಮಾಡಬೇಡ.