ಹುವಾಂಗ್‌ಫು ಮೀ: ರೋಗಶಯ್ಯೆಯಲ್ಲೊಬ್ಬ ಸಂಪಾದಕ

ಗ್ರಂಥಸಂಪಾದನೆಯ ಪಾಠದಲ್ಲಿ ಬರುವ ಪಾಠಾಂತರ, ಪ್ರಕ್ಷೇಪ, ಪುನರುಕ್ತಿ ಮೊದಲಾದ ಮಾತುಗಳು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಅನೇಕ ವೇಳೆ ಪರೀಕ್ಷೆಯ ಪರಿಭಾಷೆಗಳಾಗಿಯೇ ಉಳಿದುಬಿಡುತ್ತವೆ. ಕಾವ್ಯದ ಒಂದು ಪಾಠ ಕೆಟ್ಟರೆ ಪದ್ಯದ ಅರ್ಥ ಕೆಡುತ್ತದೆ. ವೈದ್ಯಗ್ರಂಥದ ಒಂದು ಪಾಠ ಕೆಟ್ಟರೆ ರೋಗಿಯ ದೇಹವೇ ಕೆಡುತ್ತದೆ. ಈ ಎರಡನೆಯ ಬಗೆಯ ಕೇಡನ್ನು ತನ್ನ ಮೈಮೇಲೆಯೇ ಕಂಡುಕೊಂಡು ಸಂಪಾದನೆಗೆ ಕುಳಿತವನು ಮೂರನೆಯ ಶತಮಾನದ ಚೀನಾದ ವಿದ್ವಾಂಸ ಹುವಾಂಗ್‌ಫು ಮೀ.

ಅವನು ಜನಿಸಿದ್ದು ಕ್ರಿ.ಶ. 215ರಲ್ಲಿ, ವಾಯವ್ಯ ಚೀನಾದ ಆನ್‌ದಿಂಗ್ ಪ್ರಾಂತದ ಚಾವೊನಾ ಎಂಬಲ್ಲಿ. ಹಳದಿ ಮುಂಡಾಸಿನವರ ದಂಗೆಯನ್ನು ಅಡಗಿಸಿದ ಹಾನ್ ಸೇನಾಪತಿ ಹುವಾಂಗ್‌ಫು ಸೊಂಗ್ ಅವನ ಮುತ್ತಜ್ಜ. ಮೀ ಹುಟ್ಟುವ ಹೊತ್ತಿಗೆ ಮನೆತನದ ಹೆಸರು ಉಳಿದಿತ್ತು, ಸಿರಿ ಉಳಿದಿರಲಿಲ್ಲ. ಬಾಲ್ಯದಲ್ಲಿಯೇ ಅವನನ್ನು ಚಿಕ್ಕಪ್ಪನಿಗೆ ದತ್ತು ಕೊಟ್ಟರು. ಆ ಕುಟುಂಬದೊಡನೆ ಅವನು ಪೂರ್ವದ ಶಿನ್‌ಆನ್‌ಗೆ ಬಂದು ನೆಲೆಸಿದನು.

ಇಪ್ಪತ್ತು ವರ್ಷ ತುಂಬಿದರೂ ಅವನಿಗೆ ವಿದ್ಯೆ ಹತ್ತಲಿಲ್ಲ. ಊರು ಸುತ್ತುವ ಈ ಹುಡುಗನನ್ನು ಕೆಲವರು ಮಂದಬುದ್ಧಿಯವನೆಂದೇ ತಿಳಿದಿದ್ದರು. ಒಮ್ಮೆ ಎಲ್ಲಿಂದಲೋ ಸಿಕ್ಕಿದ ಹಣ್ಣುಗಳನ್ನು ತಂದು ಸಾಕುತಾಯಿಯಾದ ಚಿಕ್ಕಮ್ಮನ ಮುಂದಿಟ್ಟನಂತೆ. ರೆನ್ ಮನೆತನದ ಆ ಹೆಂಗಸು ಹಣ್ಣು ಕಂಡು ಹಿಗ್ಗಲಿಲ್ಲ. ಕನ್‌ಫ್ಯೂಷಿಯಸ್ ಪರಂಪರೆಯ ‘ಪಿತೃಭಕ್ತಿ ಸೂತ್ರ’ವನ್ನು ನೆನಪಿಸಿ, ದಿನವೂ ಮೃಷ್ಟಾನ್ನ ಉಣಿಸಿದ ಮಾತ್ರಕ್ಕೆ ಮಗನ ಋಣ ತೀರದೆಂದಳು. ಮಗನಿಗಾಗಿ ಮೂರು ಸಲ ಮನೆ ಬದಲಿಸಿದ ಮೆನ್ಷಿಯಸ್‌ನ ತಾಯಿಯ ಕತೆ ಹೇಳಿ, ತನ್ನ ನೆರೆಹೊರೆಯ ಆಯ್ಕೆಯೇ ತಪ್ಪಿತೇನೋ ಎಂದು ಅತ್ತಳು. ಕಲಿತರೆ ಲಾಭ ನಿನಗೇ, ನನಗೇನು ಎಂಬ ಕೊನೆಯ ಮಾತು ನಾಟಿರಬೇಕು. ಮೀ ಅದೇ ಊರಿನ ಶಿ ತಾನ್ ಎಂಬ ಗುರುವಿನ ಬಳಿಗೆ ಹೋದನು. ಬಡತನದಿಂದಾಗಿ ಹೊಲದ ಕೆಲಸ ಬಿಡುವಂತಿರಲಿಲ್ಲ. ಗ್ರಂಥಗಳನ್ನು ಹೊಲಕ್ಕೇ ಒಯ್ಯುತ್ತಿದ್ದನು. ಮುಂದೆ ಊಟ ನಿದ್ದೆ ಮರೆತು ಓದುವ ಅವನಿಗೆ ಜನರು ‘ಪುಸ್ತಕದ ವ್ಯಸನಿ’ ಎಂಬರ್ಥದ ಅಡ್ಡಹೆಸರಿಟ್ಟರು. ದಡ್ಡನೆಂದವರೇ ಇದನ್ನೂ ಇಟ್ಟರೇನೋ, ಚರಿತ್ರೆ ಹೇಳುವುದಿಲ್ಲ.

ನಲವತ್ತು ದಾಟಿದ ಮೇಲೆ, ಗಾನ್‌ಲು ಶಕೆಯ ವರ್ಷಗಳಲ್ಲಿ (256–260), ಅವನಿಗೆ ವಾತರೋಗ ಬಡಿಯಿತು. ಮೈಯ ಒಂದು ಪಾರ್ಶ್ವ ಸೋತಿತು, ಕಿವಿ ಮಂದವಾಯಿತು. ಇದರ ಮೇಲೆ ಇನ್ನೊಂದು ಅನಾಹುತ ಸೇರಿತು. ಆ ಕಾಲದ ಪ್ರತಿಷ್ಠಿತರಲ್ಲಿ ‘ಶೀತಾಹಾರ ಚೂರ್ಣ’ ಎಂಬ ಖನಿಜೌಷಧದ ಹುಚ್ಚು ಹಬ್ಬಿತ್ತು. ಹ ಯಾನ್ ಎಂಬ ಆಸ್ಥಾನಿಕ ಅದಕ್ಕೆ ಕೀರ್ತಿ ತಂದಿದ್ದನು. ಅದನ್ನು ಸೇವಿಸಿದವರ ಮೈಯಲ್ಲಿ ಕಾವು ಏಳುತ್ತಿದ್ದುದರಿಂದ ತಣ್ಣನೆಯ ಅನ್ನ ಉಣ್ಣಬೇಕೆಂಬ ನಿಯಮವಿತ್ತು. ಹೆಸರು ಬಂದದ್ದೂ ಅದರಿಂದಲೇ. ಮೀ ಅದನ್ನು ಸೇವಿಸಿದನು. ಕೊರೆಯುವ ಚಳಿಗಾಲದಲ್ಲಿ ಬಟ್ಟೆ ಕಳಚಿ ಮಂಜುಗಡ್ಡೆ ತಿನ್ನುವ ಸ್ಥಿತಿಗೆ ಬಂದೆನೆಂದು ಮುಂದೆ ಚಕ್ರವರ್ತಿಗೆ ಬರೆದ ಬಿನ್ನವತ್ತಳೆಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ಯಾತನೆ ತಾಳಲಾರದೆ ಒಮ್ಮೆ ಖಡ್ಗಕ್ಕೆ ಕೈಯಿಕ್ಕಿದಾಗ ತಡೆದವಳು ಅದೇ ಚಿಕ್ಕಮ್ಮ.

ಈ ಚೂರ್ಣದ ಕೇಡನ್ನು ಕುರಿತು ಅವನು ಬರೆದುದರ ಭಾಗಗಳು, 610ರಲ್ಲಿ ಚಾವೊ ಯುವಾನ್‌ಫಾಂಗ್ ಸಿದ್ಧಪಡಿಸಿದ ರೋಗನಿದಾನದ ಗ್ರಂಥದಲ್ಲಿ ಉಳಿದು ಬಂದಿವೆ. ತನ್ನ ಬಂಧುವೊಬ್ಬನ ನಾಲಿಗೆ ಗಂಟಲೊಳಗೆ ಸೆಳೆದುಕೊಂಡದ್ದು, ಮತ್ತೊಬ್ಬನ ಬೆನ್ನು ಹುಣ್ಣಾಗಿ ಕೊಳೆತದ್ದು, ಹೀಗೆ ಕಂಡದ್ದನ್ನು ಅವನು ಒಂದೊಂದಾಗಿ ದಾಖಲಿಸುತ್ತಾನೆ. ಅಲಂಕಾರವಿಲ್ಲದ ಆ ಗದ್ಯವು ಅವನ ಉಳಿದ ಬರಹಗಳಿಗಿಂತ ಒಂದು ತೂಕ ಹೆಚ್ಚೇ.

ಅವನ ಕೀರ್ತಿಗೆ ಕಾರಣವಾದ ‘ಜೆನ್‌ಜಿಯು ಜಿಯಾಯಿ ಜಿಂಗ್’ ಈ ಹಿನ್ನೆಲೆಯಲ್ಲಿ ಹುಟ್ಟಿತು. ಸೂಜಿಚಿಕಿತ್ಸೆ ಮತ್ತು ಮಾಚಿಪತ್ರೆಯ ಜಾತಿಯ ಎಲೆಯನ್ನು ಸುಟ್ಟು ಕಾವು ಕೊಡುವ ಚಿಕಿತ್ಸೆ, ಇವೆರಡನ್ನು ಕುರಿತ ಗ್ರಂಥವಿದು. ಅವನ ಮುಂದಿದ್ದ ಆಕರಗಳು ಮೂರು: ‘ಸೂವೆನ್’, ಇಂದು ‘ಲಿಂಗ್‌ಶೂ’ ಎನಿಸಿಕೊಳ್ಳುವ ಸೂಜಿಶಾಸ್ತ್ರದ ಗ್ರಂಥ, ಮತ್ತು ಸೂಜಿ ಚುಚ್ಚುವ ಸ್ಥಾನಗಳನ್ನು ವಿವರಿಸುವ ‘ಮಿಂಗ್‌ತಾಂಗ್’. ಮೂರೂ ಒಂದೇ ವಿಷಯವನ್ನು ಹೇಳುತ್ತವೆ, ಆದರೆ ಹೇಳಿದ್ದನ್ನೇ ಮತ್ತೆ ಹೇಳುತ್ತವೆ, ಅಲ್ಲಲ್ಲಿ ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ಅವನು ಮುನ್ನುಡಿಯಲ್ಲಿ ದೂರುತ್ತಾನೆ. ಅವನು ಮಾಡಿದ ಕೆಲಸ ಸಂಪಾದಕನದು. ಒಂದೇ ವಿಷಯದ ವಾಕ್ಯಗಳನ್ನು ಮೂರೂ ಕಡೆಯಿಂದ ಆಯ್ದು ಒಂದೆಡೆ ಸೇರಿಸಿದನು, ಅನಗತ್ಯವಾದುದನ್ನು ತೆಗೆದನು, ಪುನರುಕ್ತಿಯನ್ನು ಕಳೆದನು.

ಫಲವಾಗಿ ದೊರೆತದ್ದು 12 ಸಂಪುಟ, 128 ಅಧ್ಯಾಯಗಳ ಗ್ರಂಥ. ಮೊದಲ ಅರ್ಧದಲ್ಲಿ ದೇಹದ ಅಂಗಗಳು, ನಾಡಿಮಾರ್ಗಗಳು, ಸ್ಥಾನಗಳು, ನಾಡಿಪರೀಕ್ಷೆ, ಸೂಜಿ ಹಿಡಿಯುವ ಕ್ರಮ, ಉತ್ತರಾರ್ಧದಲ್ಲಿ ರೋಗಗಳು. ಸುಮಾರು 349 ಸ್ಥಾನಗಳ ಹೆಸರುಗಳು ಇದರಲ್ಲಿವೆ. ತಲೆ, ಬೆನ್ನು, ಮುಖ, ಕತ್ತು, ಎದೆ, ಹೊಟ್ಟೆ ಎಂದು ದೇಹದ ಪ್ರದೇಶಗಳನ್ನು ಹಿಡಿದು ಅವನ್ನು ಜೋಡಿಸಲಾಗಿದೆ. ಕೈಕಾಲುಗಳಲ್ಲಿ ಮಾತ್ರ ನಾಡಿಮಾರ್ಗದ ಕ್ರಮ. ಸ್ಥಾನ ಎಲ್ಲಿದೆ, ಸೂಜಿ ಎಷ್ಟು ಆಳ ಇಳಿಯಬೇಕು, ಎಷ್ಟು ಉಸಿರಿನವರೆಗೆ ಇರಬೇಕು, ಎಷ್ಟು ಸಲ ಕಾವು ಕೊಡಬೇಕು ಎಂಬುದು ಅಲ್ಲಲ್ಲಿಯೇ ಸಿಗುತ್ತದೆ. ಎದೆಯ ಮೇಲೆ ಆಳ ತಪ್ಪಿದರೆ ಆಗುವುದೇನೆಂದು ವೈದ್ಯನಿಗೆ ಬಿಡಿಸಿ ಹೇಳಬೇಕಿಲ್ಲ. ತಾಂಗ್ ಕಾಲದ ರಾಜವೈದ್ಯಾಲಯದಲ್ಲಿ ಇದು ಪಠ್ಯವಾಯಿತು. ಜಪಾನಿನ 701ರ ತೈಹೊ ಶಾಸನಸಂಹಿತೆಯೂ ವೈದ್ಯವಿದ್ಯಾರ್ಥಿಗಳಿಗೆ ಇದನ್ನು ವಿಧಿಸಿತು. ಮೂಲ ‘ಮಿಂಗ್‌ತಾಂಗ್’ ಕಾಲಾಂತರದಲ್ಲಿ ಕಳೆದುಹೋಯಿತು. ಅದರಲ್ಲಿ ಏನಿತ್ತೆಂದು ತಿಳಿಯಲು ಇಂದಿನ ವಿದ್ವಾಂಸರು ಮುಖ್ಯವಾಗಿ ಮೀಯ ಸಂಕಲನವನ್ನೇ ನಂಬಬೇಕಾಗಿದೆ. ಪುನರುಕ್ತಿಯೆಂದು ಅವನು ಕೈಬಿಟ್ಟ ಸಾಲುಗಳಲ್ಲಿ ಎಷ್ಟು ಪಾಠಾಂತರಗಳು ಹೋದವೋ! ಸಂಪಾದಕನ ಕತ್ತರಿಗೆ ಈ ಎರಡು ಅಲಗುಗಳೂ ಇರುತ್ತವೆ.

ಅವನು ವೈದ್ಯಗ್ರಂಥಕಾರ ಮಾತ್ರನಲ್ಲ. ಅರಸರ ಚರಿತ್ರೆ, ರಾಜಸೇವೆಯನ್ನು ಒಲ್ಲದ ಮಹನೀಯರ ಚರಿತ್ರೆ, ಸ್ತ್ರೀಯರ ಚರಿತ್ರೆಗಳನ್ನೂ ರಚಿಸಿದನು. ಜುವೊ ಸಿ ಎಂಬ ಅಪರಿಚಿತ ಕವಿ ಹತ್ತು ವರ್ಷ ದುಡಿದು ಬರೆದ ಮೂರು ರಾಜಧಾನಿಗಳ ವರ್ಣನೆಗೆ ಇವನು ಮುನ್ನುಡಿ ಕೊಟ್ಟ ಮೇಲೆ, ಪ್ರತಿ ಮಾಡಿಕೊಳ್ಳುವವರ ನೂಕುನುಗ್ಗಲಿನಿಂದ ಲುವೊಯಾಂಗ್ ನಗರದಲ್ಲಿ ಕಾಗದದ ಬೆಲೆ ಏರಿತೆಂದು ಜಿನ್ ವಂಶದ ಚರಿತ್ರೆ ಹೇಳುತ್ತದೆ. ಮುನ್ನುಡಿಯ ಸಂಗತಿಯನ್ನು ಸಂಶಯಿಸುವ ವಿದ್ವಾಂಸರೂ ಇದ್ದಾರೆ. ಆದರೂ ಚೀನೀ ಭಾಷೆಯಲ್ಲಿ ‘ಲುವೊಯಾಂಗಿನ ಕಾಗದ ದುಬಾರಿ’ ಎಂಬ ನುಡಿಗಟ್ಟು ಇಂದಿಗೂ ಬಳಕೆಯಲ್ಲಿದೆ.

ಜಿನ್ ಚಕ್ರವರ್ತಿ ವೂ ಅವನನ್ನು ಮತ್ತೆ ಮತ್ತೆ ಆಸ್ಥಾನಕ್ಕೆ ಕರೆದನು. ಮೀ ರೋಗದ ಕಾರಣ ಹೇಳಿ ಪ್ರತಿಸಲವೂ ಒಲ್ಲೆನೆಂದನು. ಪದವಿ ಬೇಡವೆಂದವನು ಪುಸ್ತಕಗಳನ್ನು ಎರವಲು ಕೇಳಲು ಮಾತ್ರ ಸಂಕೋಚಪಡಲಿಲ್ಲ. ಚಕ್ರವರ್ತಿ ಒಂದು ಬಂಡಿ ತುಂಬ ಗ್ರಂಥಗಳನ್ನು ಕಳುಹಿಸಿದನು. ಸೋತ ಮೈಯಲ್ಲಿಯೇ ಅವನ್ನು ಓದುತ್ತ ಕುಳಿತನು.

ತನ್ನ ಅಂತ್ಯಕ್ರಿಯೆಯನ್ನು ಕುರಿತೂ ಅವನು ಒಂದು ಪ್ರಬಂಧ ಬರೆದಿಟ್ಟನು. ಸಮಾಧಿಯಲ್ಲಿ ಸಂಪತ್ತು ಹೂಳುವುದೆಂದರೆ ಕಳ್ಳರಿಗೆ ಕರೆಯೋಲೆ ಕಳುಹಿಸಿದಂತೆ ಎಂಬುದು ಅವನ ವಾದ. ಪೆಟ್ಟಿಗೆ ಬೇಡ, ಒರಟು ಚಾಪೆಯಲ್ಲಿ ಸುತ್ತಿ ಹೂಳಬೇಕು. ದಿಬ್ಬ ಎಬ್ಬಿಸದೆ ನೆಲ ಸಮ ಮಾಡಿ ಮೊದಲಿನ ಹುಲ್ಲನ್ನೇ ಬೆಳೆಯಗೊಡಬೇಕು. ಜೊತೆಗೆ ‘ಪಿತೃಭಕ್ತಿ ಸೂತ್ರ’ದ ಒಂದು ಸುರುಳಿಯನ್ನು ಮಾತ್ರ ಇಡಬೇಕು. 282ರಲ್ಲಿ, ಚೀನೀ ಎಣಿಕೆಯಂತೆ 68ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡಾಗ ಮಕ್ಕಳಾದ ತೊಂಗ್‌ಲಿಂಗ್, ಫಾಂಗ್‌ಹುಯಿ ಮೊದಲಾದವರು ಅವನು ಬರೆದಂತೆಯೇ ನಡೆದುಕೊಂಡರು.