ಕುಂಡದ ಕಳ್ಳಿಗೆ ಬೇರುಹುಳುವಿನ ಬಾಧೆ

ಅಂಗಳದಲ್ಲಿಯೋ ತಾರಸಿಯ ಮೇಲೆಯೋ ಕುಂಡಗಳಲ್ಲಿ ಕಳ್ಳಿಗಿಡಗಳನ್ನು ಬೆಳೆಸುವವರು ಒಂದು ವಿಚಿತ್ರವನ್ನು ಕಂಡಿರಬಹುದು. ಗಿಡ ಸೊರಗುತ್ತದೆ, ಅದರ ಮೈ ಸುಕ್ಕುಗಟ್ಟಿ ನೀರಡಿಕೆಯ ಚಿಹ್ನೆಯನ್ನು ತೋರುತ್ತದೆ, ಆದರೆ ಮಣ್ಣು ಒದ್ದೆಯಾಗಿಯೇ ಇದೆ. ಸಾಕಿದವರು ಇನ್ನಷ್ಟು ನೀರೆರೆಯುತ್ತಾರೆ, ಗಿಡ ಇನ್ನಷ್ಟು ಬಾಡುತ್ತದೆ. ಕಡೆಗೊಂದು ದಿನ ಮುಟ್ಟಿದರೆ ಗಿಡವೇ ಓಲಾಡುತ್ತದೆ. ನೀರಿಗೆ ಕೊರತೆಯಿಲ್ಲ, ಅದನ್ನು ಹೀರತಕ್ಕ ಬೇರೇ ಇಲ್ಲವಾಗಿದೆ.

ಬೇರೆ ಗಿಡಗಳಲ್ಲಿ ಈ ಹಾನಿ ಬೇಗ ಬಯಲಾಗುವುದು. ಬೇರು ಕಡಿದ ಬದನೆಯ ಗಿಡ ಅಂದಿನ ಬಿಸಿಲಿಗೇ ಜೋಲುತ್ತದೆ. ಕಳ್ಳಿಯಾದರೋ ತನ್ನ ದಪ್ಪ ಕಾಂಡದಲ್ಲಿ ನೀರನ್ನು ಕೂಡಿಟ್ಟುಕೊಂಡಿದೆ; ಎಲೆಗಳಿಲ್ಲ; ಉಸಿರಾಡುವ ರಂಧ್ರಗಳನ್ನು ಹಗಲು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಆದಕಾರಣ ಬೇರೆಲ್ಲ ಹೋದ ಮೇಲೂ ವಾರಗಟ್ಟಲೆ ಅದು ಆರೋಗ್ಯವಾಗಿರುವಂತೆಯೇ ತೋರಬಲ್ಲುದು.

ಸಂದೇಹ ಬಂದೊಡನೆ ಮದ್ದು ಹುಡುಕುವುದಕ್ಕಿಂತ ಕುಂಡವನ್ನು ಬಗ್ಗಿಸಿ ನೋಡುವುದು ಲೇಸು. ಮಡಿಸಿದ ವೃತ್ತಪತ್ರಿಕೆಯನ್ನು ಗಿಡಕ್ಕೆ ಸುತ್ತಿ ಹಿಡಿದರೆ ಮುಳ್ಳಿನ ಭಯವಿಲ್ಲ. ಮಣ್ಣನ್ನು ಹರಡಿ, ಬೇರುಗಳನ್ನು ಪರೀಕ್ಷಿಸಬೇಕು. ಅತಿನೀರಿನಿಂದ ಕೊಳೆತ ಬೇರು ಕಂದಾಗಿ ಮೆತ್ತಗಿದ್ದು, ಎಳೆದರೆ ಸಿಪ್ಪೆ ಜಾರಿ ಬರುತ್ತದೆ. ಹುಳು ತಿಂದ ಬೇರು ಮೊಂಡಾಗಿ ತುಂಡರಿಸಿರುತ್ತದೆ. ಬೇರಿಗೆ ಬಿಳಿಯ ಹಿಟ್ಟು ಮೆತ್ತಿದಂತಿದ್ದರೆ ಅದು ರಸ ಹೀರುವ ಹಿಟ್ಟುತಿಗಣೆ, ಬೇರು ಕಡಿಯುವ ಮರಿಹುಳುವಲ್ಲ.

ನಮ್ಮ ಕಡೆ ಮುಖ್ಯ ಅಪರಾಧಿಗಳು ಇಬ್ಬರು. ಮೊದಲನೆಯದು ರೈತರೆಲ್ಲರೂ ಬಲ್ಲ ಗೊಣ್ಣೆಹುಳು. ಕೆನೆಬಣ್ಣದ ಕೊಬ್ಬಿದ ಮೈ, ಕಂದು ತಲೆ, ಮೂರು ಜೊತೆ ಕಾಲು. ಕೊಡಲಿ ತಾಗಿದರೂ ಸರಿಯೇ, ಕಡ್ಡಿ ತಾಗಿದರೂ ಸರಿಯೇ, ಕೊಕ್ಕೆಯಂತೆ ಬಾಗಿ ಮಲಗುತ್ತದೆ. ಮುಂಗಾರಿನ ಮೊದಲ ಮಳೆಗಳು ಬಿದ್ದ ಸಂಜೆ ಇದರ ತಾಯಿದುಂಬಿಗಳು ನೆಲದಿಂದೆದ್ದು, ಬೇವು ಮೊದಲಾದ ಮರಗಳ ಎಲೆಯನ್ನು ತಿಂದು, ಮತ್ತೆ ಮಣ್ಣಿಗಿಳಿದು ಮೊಟ್ಟೆಯಿಡುತ್ತವೆ. ಚೆನ್ನಾಗಿ ಕಳಿಯದ ಸಗಣಿಗೊಬ್ಬರದ ಮೂಲಕವೂ ಹುಳುಗಳು ಕುಂಡವನ್ನು ಸೇರುವುವು. ಯೂರೋಪಿನ ಕುಂಡಗಳಲ್ಲಿ ಇದನ್ನೇ ಹೋಲುವ, ಆದರೆ ಕಾಲುಗಳಿಲ್ಲದ, ವೀವಿಲ್ ದುಂಬಿಯ ಮರಿಹುಳು ಪ್ರಸಿದ್ಧ ಶತ್ರು.

ಎರಡನೆಯದು ಒದ್ದೆ ಕುಂಡದ ಸುತ್ತ ಹಾರಾಡುವ ಕರಿಯ ಗುಂಗುರಿನ ಮರಿ. ದಾರದ ಎಳೆಯಂತೆ ಪಾರದರ್ಶಕ ಮೈ, ಮಿರುಗುವ ಕಪ್ಪು ತಲೆ. ಉದ್ದ 6 ಮಿಲಿಮೀಟರಿಗೆ ಮೀರದು. ಇದರ ಮುಖ್ಯ ಆಹಾರ ಬೂಷ್ಟು ಮತ್ತು ಕೊಳೆತ ವಸ್ತು. ದೊಡ್ಡ ಗಿಡ ಇದನ್ನು ಸಹಿಸೀತು. ಬೀಜದಿಂದ ಎದ್ದ ಎಳೆಯ ಕಳ್ಳಿಗಳಿಗೆ ಮಾತ್ರ ಇದು ಮೃತ್ಯು. ಹಸಿಯ ಆಲೂಗಡ್ಡೆಯ ಬಿಲ್ಲೆಯೊಂದನ್ನು ಮಣ್ಣಿನ ಮೇಲಿಟ್ಟು ಎರಡು ಮೂರು ದಿನಗಳ ಅನಂತರ ಮಗುಚಿ ನೋಡಿದರೆ ಹುಳುಗಳು ಅದರ ಅಡಿಯಲ್ಲಿ ಸೇರಿರುತ್ತವೆ.

ಗುರುತಿಸುವುದಕ್ಕೆ ಇಷ್ಟು ಒತ್ತು ಕೊಡಲು ಕಾರಣವುಂಟು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ದೊರೆತ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬ ಬ್ಯಾಕ್ಟೀರಿಯ ಸೊಳ್ಳೆ, ಗುಂಗುರುಗಳ ಮರಿಗಳ ಕರುಳನ್ನು ಒಡೆಯುತ್ತದೆ. ಗೊಣ್ಣೆಹುಳುವಿಗೆ ಅದರಿಂದ ಏನೂ ಆಗದು. ಗೊಣ್ಣೆಹುಳುವನ್ನು ಕೊಲ್ಲುವ ಮೆಟಾರೈಜಿಯಂ ಬೂಷ್ಟನ್ನು 1879ರಲ್ಲಿಯೇ ರಷ್ಯದ ಮೆಚ್ನಿಕಾಫ್ ದುಂಬಿಗಳ ಮೇಲೆ ಪ್ರಯೋಗಿಸಿದ್ದರು. ಆದರೆ ಬೂಷ್ಟು ಬೆಳೆಯಲು ತೇವ ಬೇಕು, ಕಳ್ಳಿಗೆ ತೇವ ಬೇಡ. ಒಂದೆರಡು ಕುಂಡಗಳಿಗೆ ಕೈಯಿಂದ ಆರಿಸಿ ತೆಗೆಯುವುದನ್ನು ಮೀರಿದ ಉಪಾಯವಿಲ್ಲ. ಹಳೆಯ ತೋಟಗಾರಿಕೆಯ ಪುಸ್ತಕಗಳು ಹೇಳುವ ಆಲ್ಡ್ರಿನ್ ಪುಡಿಯನ್ನಂತೂ ನೆನೆಯಲೇ ಬಾರದು. 2001ರ ಸ್ಟಾಕ್‌ಹೋಮ್ ಒಪ್ಪಂದ ಅದನ್ನು ನಿರ್ಮೂಲ ಮಾಡತಕ್ಕ ವಿಷಗಳ ಪಟ್ಟಿಯಲ್ಲಿ ಸೇರಿಸಿದೆ.

ಗುಂಗುರನ್ನು ತಡೆಯುವುದು ಭೌತಶಾಸ್ತ್ರದ ಕೆಲಸವೆಂದರೆ ನಗಬಾರದು. ಅದು ಮೊಟ್ಟೆಯಿಡುವುದು ತೇವವಾದ ಮೇಲ್ಮಣ್ಣಿನಲ್ಲಿ. 0.1 ಮಿಲಿಮೀಟರ್ ತ್ರಿಜ್ಯದ ಗಾಜಿನ ನಳಿಗೆಯಲ್ಲಿ ನೀರು ತಾನಾಗಿ ಸುಮಾರು 15 ಸೆಂಟಿಮೀಟರ್ ಏರುತ್ತದೆ. 1 ಮಿಲಿಮೀಟರ್ ತ್ರಿಜ್ಯವಾದರೆ ಒಂದೂವರೆ ಸೆಂಟಿಮೀಟರ್ ಮಾತ್ರ. ನುಣುಪು ಮಣ್ಣಿನ ಸಂದುಗಳು ಮೊದಲನೆಯ ನಳಿಗೆಯಂತೆ; ದಪ್ಪ ಹರಳುಗಳ ನಡುವಣ ಸಂದುಗಳು ಎರಡನೆಯದಕ್ಕಿಂತಲೂ ಅಗಲ. ಮೇಲೆ ಎರಡು ಸೆಂಟಿಮೀಟರ್ ಹರಳು ಹರಡಿದರೆ ಅಡಿಯ ತೇವ ಮೇಲಕ್ಕೇರದೆ, ಆ ಪದರ ಒಣಗಿಯೇ ಇರುವುದು. ಆದರೆ ಅಡಿಯ ಮಣ್ಣು ಆಗ ನಿಧಾನವಾಗಿ ಆರುತ್ತದೆ. ಕಡ್ಡಿ ಚುಚ್ಚಿ ನೋಡಿ ನೀರೆರೆಯಬೇಕು. ಹೊಸ ಮಣ್ಣನ್ನು ತುಸು ಒದ್ದೆ ಮಾಡಿ 60 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅರ್ಧ ಗಂಟೆ ಬಿಸಿಮಾಡಿದರೆ ಒಳಗಿನ ಮೊಟ್ಟೆ, ಮರಿಗಳು ಸಾಯುತ್ತವೆ. ಮೊದಲ ಮಳೆಯ ಸಂಜೆಗಳಲ್ಲಿ ಕುಂಡಗಳಿಗೆ ಬಲೆ ಹೊದಿಸಿದರೆ ದುಂಬಿಗಳೂ ದೂರ.

ಬೇರು ಕಳೆದುಕೊಂಡ ಗಿಡವನ್ನು ತಿಪ್ಪೆಗೆಸೆಯಬೇಕಾಗಿಲ್ಲ. ತನ್ನ ತವರಿನಲ್ಲಿಯೇ ಕಳ್ಳಿ ಬರಗಾಲಕ್ಕೆ ಕಿರುಬೇರುಗಳನ್ನು ಕಳೆದುಕೊಂಡು ಮಳೆಗೆ ಹೊಸದನ್ನು ಚಿಗುರಿಸುವ ಅಭ್ಯಾಸವುಳ್ಳದ್ದು. ಶುದ್ಧವಾದ ಚಾಕುವಿನಿಂದ ಕೆಟ್ಟ ಭಾಗವನ್ನು, ಒಳಗೆ ಕಂದು ಚುಕ್ಕೆ ಕಾಣದಾಗುವವರೆಗೆ, ಕೊಯ್ದು ತೆಗೆದು, ನೆರಳಿನಲ್ಲಿ ಗಾಳಿಯಾಡುವೆಡೆ ಒಂದೆರಡು ವಾರ ಇಡಬೇಕು. ಗಾಯದ ಮೇಲೆ ಗಟ್ಟಿ ಪೊರೆ ಕಟ್ಟಿದ ಮೇಲೆ ಒಣಗಿದ ಹರಳುಮಣ್ಣಿನ ಮೇಲೆ ಕೂರಿಸಿ, ಕಡ್ಡಿಗಳ ಆಸರೆ ಕೊಟ್ಟು, ಬೇರು ಮೂಡುವವರೆಗೆ ನೀರಿನ ಪಾತ್ರೆಯನ್ನು ದೂರವಿಡಬೇಕು. ಮೆಲ್ಲನೆ ಅಲುಗಿಸಿದಾಗ ಗಿಡ ಮಣ್ಣನ್ನು ಹಿಡಿದುಕೊಂಡಂತೆ ತೋರಿದರೆ, ಆಗ ಮೊದಲ ನೀರು.